ಅಲೆಕ್ಸಾಂಡ್ರಿಯದವರ ಪದ್ಧತಿ

ನಮ್ಮದು ತಲೆಮಾರುಗಳಿಂದ ಕೊಯಮತ್ತೂರಿನಲ್ಲಿರುವ ನೇಕಾರರ ಮನೆ. ಮಾತು ಕನ್ನಡ, ಆದರೆ ಕನ್ನಡದ ಅಕ್ಷರ ಯಾರಿಗೂ ಬರುತ್ತಿರಲಿಲ್ಲ. ನಲವತ್ತು ದಾಟಿದ ಮೇಲೆ ನಾನೊಬ್ಬಳು ಕಲಿತೆ. ಕಲಿಸಿದವರು ಕರ್ನಾಟಕದಿಂದ ಬಂದು ಶರವಣಂಪಟ್ಟಿಯಲ್ಲಿ ಕೆಲಸ ಮಾಡುತ್ತಿದ್ದ ಪಕ್ಕದ ಮನೆಯ ಇಂಜಿನಿಯರ್. ಓದಿ ಅಭ್ಯಾಸವಾಗಲಿ ಎಂದು ಪ್ರಾಚೀನ ಅಲೆಕ್ಸಾಂಡ್ರಿಯದ ಗ್ರಂಥಾಲಯದ ಕತೆ ಹೇಳುವ ಪುಸ್ತಕವೊಂದನ್ನು ಕೊಟ್ಟರು.

ದಿನಾ ಸಂಜೆ ಅವ್ವನಿಗೆ ಓದಿ ಹೇಳುತ್ತಿದ್ದೆ. ಬಂದರಿಗೆ ಬಂದ ಹಡಗುಗಳಿಂದ ರಾಜನ ಆಳುಗಳು ಪುಸ್ತಕ ಕಿತ್ತುಕೊಂಡು ನಕಲು ಮಾಡಿಸುತ್ತಿದ್ದರಂತೆ. ಮೂಲವನ್ನು ತಾವೇ ಇಟ್ಟುಕೊಂಡು, ನಕಲನ್ನು ಯಜಮಾನರಿಗೆ ಕೊಡುತ್ತಿದ್ದರಂತೆ.

"ಒಳ್ಳೆ ಬುದ್ಧಿವಂತರು," ಅಂದಳು ಅವ್ವ. "ನಾವೂ ಜೆರಾಕ್ಸ್ ಮಾಡ್ಸಿ ಕೊಟ್ಬಿಡೋಣ. ಮನೇಲಿ ಒಂದಾದ್ರೂ ಕನ್ನಡ ಪುಸ್ತಕ ಇರ್ಲಿ."

ನಾಚಿಕೆಯಾದರೂ ಹಾಗೇ ಮಾಡಿದೆ; ನಕಲಿಗೆ ಪುಸ್ತಕದ ಹಾಗೇ ರಟ್ಟಿನ ಬೈಂಡೂ ಹಾಕಿಸಿದೆ. ನಕಲನ್ನು ಇಂಜಿನಿಯರ್ ಕೈಗಿಟ್ಟು, ಅವ್ವನ ಆಸೆ ಹೇಳಿ ಕ್ಷಮೆ ಕೇಳಿದೆ. ಅವರು ನನಗಿಂತ ಹೆಚ್ಚು ನಾಚಿದರು.

"ಇಟ್ಕೊಳ್ಳಿ ಅಕ್ಕ. ಕೊನೇ ಪುಟ ನೋಡಲಿಲ್ವಾ?"

ನೋಡಿದೆ. ಅವರೂರಿನ ಗ್ರಂಥಾಲಯದ ಮೊಹರಿತ್ತು. ಹಿಂದಿರುಗಿಸಬೇಕಾದ ದಿನ ಕಳೆದು ಒಂಬತ್ತು ವರ್ಷವಾಗಿತ್ತು.

ಮುಂದಿನ ಸಲ ಊರಿಗೆ ಹೋದಾಗ ಅವರು ಆ ನಕಲನ್ನೇ ಗ್ರಂಥಾಲಯಕ್ಕೆ ಒಪ್ಪಿಸಿ ಬಂದರು. ಅಲ್ಲಿಯವರು ಅದನ್ನು ತೆರೆದೂ ನೋಡದೆ, ಇಂಥ ಪ್ರಾಮಾಣಿಕರು ಈಗ ಎಲ್ಲಿ ಸಿಗುತ್ತಾರೆ ಎಂದು ಕಾಫಿ ತರಿಸಿ ಕೊಟ್ಟರಂತೆ.