ಕಾಗೆ ಕಣಿವೆಯ ಅಮ್ಮ

ತೊಂಬತ್ತರ ದಶಕದ ಒಂದು ಮಹಾಲಯ ಅಮಾವಾಸ್ಯೆ. ಜನ್ನಾಪುರದ ನಮ್ಮ ತಾರಸಿಯಲ್ಲಿ ಅತ್ತೆಗೆ ಎಡೆ ಇಟ್ಟು ಕಾಗೆ ಕರೆಯುತ್ತಿದ್ದೆ. ನಮ್ಮೂರ ಕಾರ್ಖಾನೆಯ ಕೆಲಸಕ್ಕೆಂದು ವೇಲ್ಸ್‌ನಿಂದ ಬಂದಿದ್ದ ಇಂಜಿನಿಯರೊಬ್ಬರನ್ನು ನನ್ನವರು ಊಟಕ್ಕೆ ಕರೆತಂದಿದ್ದರು. ಸತ್ತವರು ಕಾಗೆಯಾಗಿ ಬಂದು ಉಣ್ಣುತ್ತಾರೆಂದು ಕೇಳಿ ಅವರು ನನ್ನವರತ್ತ ತಿರುಗಿದರು. ಆಮೇಲೆ ಇಂಗ್ಲಿಷಿನಲ್ಲಿ ಏನೋ ಹೇಳಿದರು.

"ಇವರೂರು ನಮ್ಮ ಕಾರ್ಖಾನೆಯ ನ್ಯೂಟೌನ್ ಥರ ಹೊಸದಾಗಿ ಕಟ್ಟಿದ್ದಂತೆ, ಕುಮ್‌ಬ್ರಾನ್ ಅಂತ. ಅಲ್ಲಿನ ಭಾಷೇಲಿ ಹಂಗಂದ್ರೆ ಕಾಗೆ ಕಣಿವೆಯಂತೆ ಕಣೇ," ಎಂದರು ನನ್ನವರು. "ಇವರು ದೂರ ಇದ್ದಾಗ ಅಲ್ಲಿ ಅಮ್ಮ ತೀರ್ಕೊಂಡ್ರಂತೆ. ಅವರಿಗೂ ಒಂದೆಲೆ ಇಡ್ತೀಯಾ ಅಂತ ಕೇಳ್ತಿದಾರೆ."

ಇಟ್ಟೆ. ಕಾಗೆ ಬಂದು ಆ ಎಲೆಯ ವಡೆಯನ್ನು ಕಚ್ಚಿಕೊಂಡು ಹೋಯಿತು. ಅದು ಹಾರಿದ ದಿಕ್ಕನ್ನೇ ನೋಡುತ್ತ ಅವರು ಬಹಳ ಹೊತ್ತು ನಿಂತಿದ್ದರು.

ಆ ತಾಯಿಯ ಹೆಸರು ಕೇಳಿಕೊಳ್ಳಲೇ ಇಲ್ಲ. ಈಗಲೂ ಅತ್ತೆಯ ಎಲೆಯ ಪಕ್ಕ ಇನ್ನೊಂದು ಎಲೆ ಹಾಕಿ, "ಕಾಗೆ ಕಣಿವೆ ಅಮ್ಮ, ಬಾರಮ್ಮ" ಎಂದು ಕರೆಯುತ್ತೇನೆ.