ಮುತ್ತರಾಯಪ್ಪನ ಮಿಷನ್ನಿನ ಕೆಮ್ಮು

ಹೊಸೂರು ನಾಲ್ಕೂ ಕಡೆಗೆ ಬೆಳೆಯುತ್ತಿದ್ದ ವರ್ಷಗಳಲ್ಲಿ, ಹೊಸ ಮನೆಗೆ ಮರವೊಂದು ಅಡ್ಡ ಬಂದರೆ ಜನರು ಅವಲಪಲ್ಲಿಯ ಮುತ್ತರಾಯಪ್ಪನನ್ನು ಕರೆಯುತ್ತಿದ್ದರು. ತಳಿ ಊರಿನ ಕಡೆಯ ನೀಲಗಿರಿ ಮರದ ಗುತ್ತಿಗೆದಾರನೊಬ್ಬನು ಬಳಸಿ ಬಿಟ್ಟಿದ್ದ ಮರ ಕುಯ್ಯುವ ಮಿಷನ್ನನ್ನು ಅವನು ಬಹಳ ಹಿಂದೆಯೇ ಕೊಂಡಿದ್ದನು. ಅದರ ಬಣ್ಣವೆಲ್ಲ ಹೋಗಿತ್ತು, ಹಿಡಿಗೆ ಸೈಕಲ್ ಟ್ಯೂಬು ಸುತ್ತಿತ್ತು. ಆದರೂ ಕೆಲಸ ಮುಗಿದ ಮೇಲೆ ಅವನು ಮುಖ ಒರೆಸಿಕೊಳ್ಳುವ ಮೊದಲು ಅದನ್ನು ಒರೆಸುತ್ತಿದ್ದನು.

ಪಾಪಣ್ಣನು ಅವನ ಜೊತೆಗಾರ. ಮರಕ್ಕೆ ಹಗ್ಗ ಕಟ್ಟಿ, ಬೀಳಬೇಕಾದ ಕಡೆಗೆ ಎಳೆಯುವುದು ಅವನ ಕೆಲಸ. ಮಿಷನ್ ಚಾಲೂ ಮಾಡುವುದನ್ನು ಅವನಿಗೆ ಕಲಿಸಿದವನೂ ಮುತ್ತರಾಯಪ್ಪನೇ. ತಣ್ಣಗಿರುವಾಗ, ಗಾಳಿ ತಡೆದು ಪೆಟ್ರೋಲು ಹೆಚ್ಚಿಸುವ ಚೋಕ್ ಎಳೆದಿಟ್ಟು ದಾರ ಎಳೆಯಬೇಕು; ಅದು ಒಮ್ಮೆ ಮೆಲ್ಲಗೆ ಕೆಮ್ಮಿದೊಡನೆ ಚೋಕನ್ನು ಒಳಕ್ಕೆ ತಳ್ಳಿ ಮತ್ತೆ ಎಳೆದರೆ ಹತ್ತಿಕೊಳ್ಳುತ್ತದೆ. ಪಾಪಣ್ಣನು ಕೆಲಸಕ್ಕೆ ನಿಂತ ದಿನದಿಂದಲೂ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದನು. ಮದುವೆ ಹೆಣ್ಣಿನ ಹಾಗೆ ಕಿವಿ ಸಿಂಗರಿಸಿಕೊಂಡಿದ್ದಾನೆಂದು ಮುತ್ತರಾಯಪ್ಪನು ಎಲ್ಲರೆದುರಿಗೂ ಅವನನ್ನು ಆಡಿಕೊಳ್ಳುತ್ತಿದ್ದನು.

ಅಂಥ ಮಿಷನ್ನು ಈಚೆಗೆ ಮೊಂಡು ಹಿಡಿಯಿತು. ಮುತ್ತರಾಯಪ್ಪನು ರಟ್ಟೆ ಸೋಲುವವರೆಗೆ ಎಳೆಯುತ್ತಿದ್ದನು. ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯುತ್ತಿತ್ತೇ ಹೊರತು ಅದು ಹತ್ತುತ್ತಿರಲಿಲ್ಲ. ಬೇಸತ್ತು ಅವನು ಬೀಡಿ ಸೇದಲು ದೂರ ಹೋದಾಗ ಪಾಪಣ್ಣನು ಬಂದು ಎಳೆಯುತ್ತಿದ್ದನು, ಅದು ಗುರ್ ಎಂದು ಎದ್ದುಬಿಡುತ್ತಿತ್ತು. ತಾನು ಹುಲ್ಲು ಹಾಕಿ ಸಾಕಿದ ಹಸು ಪಕ್ಕದ ಮನೆಯವನ ಕೈಗೆ ಹಾಲು ಸುರಿಸಿದಂತೆ ಮುತ್ತರಾಯಪ್ಪನ ಹೊಟ್ಟೆ ಉರಿಯುತ್ತಿತ್ತು. ಪಾಪಣ್ಣನ ದಪ್ಪ ಬೆರಳುಗಳನ್ನು ನೋಡಿದರೂ ಅವನಿಗೆ ಆಗುತ್ತಿರಲಿಲ್ಲ.

ಆಲಸನತ್ತಂನಲ್ಲಿ ಮನೆ ಕಟ್ಟಿಸಿದ್ದ ಜಯರಾಮಯ್ಯನವರು ಕಾರ್ಖಾನೆಯ ನೌಕರರು. ಅವರ ಮಹಡಿಯ ಮೇಲಕ್ಕೆ ವಾಲಿದ್ದ ದೊಡ್ಡ ಬೇವಿನ ಮರವನ್ನು ಭಾನುವಾರ ಉರುಳಿಸಬೇಕಾಗಿತ್ತು. ಈ ಸಂಗತಿ ಕೇಳಿ ತಿಳಿದಿದ್ದ ಅವರು ಮಾತು ಮುಗಿಸಿ ಏಳುವಾಗ, ಮಿಷನ್ ಹಿಡಿಯುವವನು ಪಾಪಣ್ಣನೇ ತಾನೆ, ನಮಗೆ ಹೊತ್ತಾಗುವುದು ಬೇಡ ಎಂದರು. ಮುತ್ತರಾಯಪ್ಪನ ಮುಖ ಕಪ್ಪಿಟ್ಟಿತು. ಹಿಂದಿರುಗುವ ದಾರಿಯಲ್ಲಿ ಅವನು ಜೊತೆಗಿದ್ದ ಪಾಪಣ್ಣನ ಮೇಲೆ ಹರಿಹಾಯ್ದನು.

“ಭಾನ್ವಾರ ಅವರ ಕಣ್ಮುಂದೆ ನಾನೇ ಚಾಲೂ ಮಾಡ್ತೀನಿ ಕಣ್ಲಾ. ಆಗ್ದಿದ್ರೆ ಮಿಷನ್ ನೀನೇ ಇಕ್ಕೋ. ನಾನು ಹಗ್ಗ ಎಳ್ಕೊಂಡಿರ್ತೀನಿ.”

ಪಾಪಣ್ಣನು ತಲೆ ತಗ್ಗಿಸಿ ಹಿಂದೆ ಹಿಂದೆಯೇ ನಡೆದನು. ಆ ನಡಿಗೆಯಲ್ಲೂ ಮುತ್ತರಾಯಪ್ಪನಿಗೆ ಕಳ್ಳತನವೇ ಕಂಡಿತು. ಇವನು ಗುಟ್ಟಾಗಿ ಏನನ್ನೋ ಸಡಿಲಿಸಿಟ್ಟು, ತನ್ನ ಕೈಗೆ ಮಾತ್ರ ಹತ್ತುವಂತೆ ಮಾಡಿಕೊಂಡಿದ್ದಾನೆ ಎಂದುಕೊಂಡನು.

ಶನಿವಾರ ಅವನು ಮಿಷನ್ನನ್ನು ಅಂಗಳದಲ್ಲಿ ಬಿಚ್ಚಿ ಹರಡಿದನು. ಸಡಿಲವಾದದ್ದು ಯಾವುದೂ ಸಿಗಲಿಲ್ಲ. ಗಾಳಿ ಜಾಲರಿಯ ಹೊಟ್ಟು ಕೊಡವಿ ತೊಳೆದನು. ಹಳೆಯ ಪೆಟ್ರೋಲು ಚೆಲ್ಲಿ, ಹೊಸದಕ್ಕೆ ಆಯಿಲ್ ಬೆರೆಸಿ ತುಂಬಿದನು. ಹೊಸ ಪ್ಲಗ್ ಹಾಕಿದನು. ಎಳೆದರೆ ಮತ್ತದೇ ವಾಸನೆ. ಹೊಸೂರಿನ ಮೆಕ್ಯಾನಿಕ್ಕಿನ ಬಳಿಗೆ ಒಯ್ದನು. ಆತನು ನೆನೆದಿದ್ದ ಪ್ಲಗ್ ಒಣಗಿಸಿ, ಮೊದಲಿನಿಂದ ಚೋಕ್ ಹಾಕಿ ಎಳೆದು ಚಾಲೂ ಮಾಡಿ ತೋರಿಸಿ, ಇದರಲ್ಲಿ ಒಂದು ದೋಷವೂ ಇಲ್ಲವೆಂದು ತಮಿಳಿನಲ್ಲಿ ಹೇಳಿ ಕಳಿಸಿದನು. ಮುಖ ಪರಿಚಯವಿಲ್ಲದ ಅವನಿಗೂ ಒಲಿಯಿತಲ್ಲ ಎಂದು ಮುತ್ತರಾಯಪ್ಪನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಕುಳಿತನು.

ಸಂಜೆ ಮತ್ತೆ ಎಳೆಯತೊಡಗಿದನು. ಹೆಂಡತಿ ಕೊಂಡಮ್ಮನು ಅಲ್ಲಿಯೇ ಸೊಪ್ಪು ಬಿಡಿಸುತ್ತಿದ್ದಳು. ಏನನ್ನೋ ಹೇಳಿದಳು, ಅವನು ತಿರುಗಲಿಲ್ಲ. ಎದ್ದು ಬಂದು ಅವನ ತೋಳು ಹಿಡಿದಳು.

“ಅದು ಆಗ್ಲೇ ಕೆಮ್ತಲ್ಲ. ಇನ್ನೂ ಯಾಕೆ ಚೋಕ್ ಎಳ್ದಿಟ್ಟಿದ್ದೀಯ?”

“ಎಲ್ಲಿ ಕೆಮ್ತು?”

“ಎರಡು ಸಲ ಕೆಮ್ತು. ನಂಗೆ ಅಲ್ಲೀಗಂಟ ಕೇಳಿಸ್ತು.”

ಅವನು ದಾರದ ಹಿಡಿಯನ್ನು ಬಿಟ್ಟನು. ಟಿ.ವಿ. ಸದ್ದು ಹೆಚ್ಚಿಸಿದಾಗಲೆಲ್ಲ ಅವಳು ಬೈಯುತ್ತಿದ್ದುದು, ಕರೆದರೂ ಓಗೊಡುವುದಿಲ್ಲವೆಂದು ಮುನಿಯುತ್ತಿದ್ದುದು ನೆನಪಾಯಿತು. ಕೆಮ್ಮಿದ್ದು ತಿಳಿಯದೆ ಚೋಕ್ ತೆಗೆಯದಿದ್ದುದರಿಂದಲೇ ಪೆಟ್ರೋಲು ಉಕ್ಕಿ ಪ್ಲಗ್ ನೆನೆಯುತ್ತಿತ್ತು. ಮಿಷನ್ನು ಮೊಂಡು ಹಿಡಿದಿರಲಿಲ್ಲ. ಇಷ್ಟು ವರ್ಷ ಅದರ ಅಬ್ಬರಕ್ಕೆ ಬರಿಗಿವಿಯನ್ನೇ ಒಡ್ಡಿದ್ದನು. ಆಗ ಅವನ ಹೊಟ್ಟೆಕಿಚ್ಚು ಪಾಪಣ್ಣನ ಬೆರಳುಗಳನ್ನು ಬಿಟ್ಟು ಅವನ ಕಿವಿಗಳ ಮೇಲೆ ಹೋಗಿ ಕುಳಿತಿತು. ಹತ್ತಿ ತುರುಕಿಕೊಂಡು ಹಾಗೇ ಉಳಿಸಿಕೊಂಡ ಕಿವಿಗಳು!

ಭಾನುವಾರ ಬೇವಿನ ಮರಕ್ಕೆ ಹಗ್ಗ ಕಟ್ಟಿಯಾಯಿತು. ಜಯರಾಮಯ್ಯನವರು ಜಗಲಿಯ ಮೇಲೆ ನಿಂತು ನೋಡುತ್ತಿದ್ದರು. ಮುತ್ತರಾಯಪ್ಪನು ಪಾಪಣ್ಣನನ್ನು ಹತ್ತಿರಕ್ಕೆ ಕರೆದನು. ಜಗಲಿಗೆ ಬೆನ್ನು ತಿರುಗಿಸಿ ಹೇಳಿದನು.

“ಅದು ಕೆಮ್ಮಿದ ಕೂಡ್ಲೇ ನನ್ನ ಹೆಗಲು ತಟ್ಲಾ. ನಂಗೆ ಕೇಳಿಸ್ತಿಲ್ಲ.”

ಪಾಪಣ್ಣನು ಕಿವಿಯ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡು ಹಿಂದೆ ನಿಂತನು. ಮುತ್ತರಾಯಪ್ಪನು ಎಳೆದನು. ಮತ್ತೆ ಎಳೆದನು. ಹೆಗಲ ಮೇಲೆ ಏಟು ಬಿತ್ತು. ಚೋಕನ್ನು ಒಳಕ್ಕೆ ತಳ್ಳಿ ಎಳೆದೊಡನೆ ಹಿಡಿ ಅವನ ಕೈಯಲ್ಲಿ ನಡುಗಿತು. ಜಗಲಿಯಿಂದ ಜಯರಾಮಯ್ಯನವರು ತಲೆದೂಗಿದರು.

ಅವನು ಕೂಡಲೇ ಮರಕ್ಕೆ ಮಿಷನ್ನಿನ ಹಲ್ಲು ತಾಗಿಸಲಿಲ್ಲ. ಮಿಷನ್ನನ್ನು ಮೆಲ್ಲಗೆ ಓಡಲು ಬಿಟ್ಟು ನೆಲಕ್ಕಿಟ್ಟು, ಪಾಪಣ್ಣನ ಕಡೆಗೆ ಬಾಗಿದನು.

“ಹೆಂಗಿತ್ಲಾ, ಕೆಮ್ಮಿದ್ದು?”

ಪಾಪಣ್ಣನು ಅವನ ಕಿವಿಗೆ ಬಾಯಿ ಹಚ್ಚಿ ಕೂಗಿದನು: “ನೀನು ಬೆಳಿಗ್ಗೆ ಮೊದಲ ಬೀಡಿ ಸೇದಿ ಕೆಮ್ತೀಯಲ್ಲಣ್ಣ, ಹಂಗೇ!”

“ಮೊದ್ಲಿಂದ್ಲೂ ಹಂಗೇ ಅದು,” ಎಂದು ಮುತ್ತರಾಯಪ್ಪನು ಅಸೂಯೆಯಿಂದಲೇ ಹೇಳಿ, ತನ್ನ ಕಿವಿಗೂ ಬೇಕೆಂದು ಹತ್ತಿಗಾಗಿ ಅಂಗೈ ಚಾಚಿದನು.