ಕುಂಬಳಕಾಯಿಯ ಮಿದುಳು

ಗಂಗಾವತಿಯಲ್ಲಿ ನಮ್ಮ ಪಕ್ಕದ ಮನೆಯ ಸಂಖ್ಯಾಶಾಸ್ತ್ರದ ಮಾಸ್ತರು ಎರಡು ಅಂಗಡಿಯ ಚಹಾ ಕುಡಿಯದೆ ಒಂದನ್ನು ಛಲೋ ಅಂದವರಲ್ಲ. “ಹೋಲಿಸಿ ನೋಡ್ರಿ” ಅನ್ನುವುದೇ ಅವರ ಮಂತ್ರ.

ಎಂಬತ್ತರ ದಶಕದಲ್ಲಿ ಒಮ್ಮೆ ತಲೆ ತಿರುಗಿ ಬಿದ್ದರು. ಹುಬ್ಬಳ್ಳಿಗೆ ನಾನೇ ಕರೆದೊಯ್ದೆ. ಡಾಕ್ಟರು ತಲೆಗೆ ವೈರು ಅಂಟಿಸಿ, ಮಿದುಳಿನ ಅಲೆಗಳನ್ನು ಕಾಗದದ ಮೇಲೆ ಗೀಚುವ ಯಂತ್ರ ಓಡಿಸಿದರು.

“ಗೆರಿ ಭಾಳ ಕುಣ್ಯಾಕತ್ತಾವ್ರಿ. ಜೀವ ಇರೋತನಕ ಗುಳಿಗಿ ನುಂಗಬೇಕು.”

ಮಾಸ್ತರು ಸಂತೆಯ ಚೀಲದಿಂದ ಕುಂಬಳಕಾಯಿ ತೆಗೆದರು. “ಇದಕ್ಕೂ ಹಚ್ಚಿ, ಹೋಲಿಸಿ ನೋಡ್ರಿ.”

ಕುಂಬಳಕಾಯಿಯ ಗೆರೆಯೂ ಹಾಗೇ ಕುಣಿಯಿತು! ಕುಣಿತವೆಲ್ಲ ಯಂತ್ರದ ವೈರಿಗೆ ತಾಗುತ್ತಿದ್ದ ಮೇಲಿನ ಫ್ಯಾನಿನ ಕರೆಂಟಿನದು. ಫ್ಯಾನು ಆರಿಸಿದ್ದೇ ಇಬ್ಬರೂ ಗುಣವಾದರು.

ಮನೆಗೆ ಬಂದ ಮಾಸ್ತರು ಇದನ್ನೇ ಎರಡು ತಾಸು ವಿವರಿಸಿದರು. ಅವರ ಹೆಂಡತಿ ಈಳಿಗೆ ಬದಿಗಿಟ್ಟು, ಕುಂಬಳಕಾಯಿಯನ್ನು ಮಾಸ್ತರ ಕುರ್ಚಿಯ ಮೇಲೆ ಕೂರಿಸಿದರು.

“ನಾನೂ ಹೋಲಿಸಿ ನೋಡಿದೆ. ಇದಾದ್ರ ಸುಮ್ನ ಕುಂದರತೈತಿ.”